ಮೂರು ಹುಲಿ, ಹದಿನೈದು ಕುರಿ

ಬೆಂಗಳೂರಿನ ದಕ್ಷಿಣ ಭಾಗದ ಚಿಕ್ಕಲಸಂದ್ರ ಈಗ ಪೂರ್ತಿ ನಗರ. ಹೆಸರಿನ ಕೊನೆಯಲ್ಲಿರುವ ‘ಸಂದ್ರ’ ಮಾತ್ರ ಹಳ್ಳಿಯದು. ಅದು ‘ಸಮುದ್ರ’ದ ಸವೆದ ರೂಪ, ಅರ್ಥ, ಕೆರೆ. ಕೆರೆಯಿದ್ದಲ್ಲಿ ದನಕುರಿಗಳು, ಅವನ್ನು ಕಾಯುವವರಿಗೆ ಮಧ್ಯಾಹ್ನದ ಬಿಡುವು. ಅಂಥ ಬಿಡುವಿನಲ್ಲಿ ಕನ್ನಡ ನಾಡಿನ ಅನೇಕ ಊರುಗಳಲ್ಲಿ ಬಂಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆದು ಆಡುತ್ತಿದ್ದ ಆಟ ಹುಲಿ-ಕುರಿ. ಕೆಲವೆಡೆ ಇದಕ್ಕೆ ಆಡು-ಹುಲಿ ಎಂದೂ ಹೆಸರು.

ಚದುರಂಗದಲ್ಲಿ ಎರಡೂ ಸೈನ್ಯಗಳು ಸಮಬಲ. ಇಲ್ಲಿ ಹಾಗಲ್ಲ. ಒಬ್ಬನಿಗೆ ಮೂರು ಹುಲಿ, ಇನ್ನೊಬ್ಬನಿಗೆ ಹದಿನೈದು ಕುರಿ. ಹುಲಿಗೆ ಕಲ್ಲು, ಕುರಿಗೆ ಹುಣಸೆ ಬೀಜವಾದರೂ ಸಾಕು. ಪಕ್ಕದ ಕುರಿಯನ್ನು ಹಾರಿ, ಅದರ ಆಚೆಯ ಖಾಲಿ ಮನೆಯಲ್ಲಿ ಕೂತರೆ ಹುಲಿಗೆ ಆ ಕುರಿ ಆಹಾರ. ಕುರಿ ಯಾರನ್ನೂ ಕೊಲ್ಲಲಾರದು. ಹುಲಿಗಳು ಅಲುಗಾಡದಂತೆ ಸುತ್ತುಗಟ್ಟುವುದೊಂದೇ ಅದರ ಗೆಲುವು. ಕೊಲ್ಲುವ ಶಕ್ತಿಯೇ ಇಲ್ಲದ ತಂಡ ಬದುಕಿ ಉಳಿಯುವುದು ಹೇಗೆ ಎಂಬುದೇ ಆಟದ ಸ್ವಾರಸ್ಯ.

ಪ್ರಚಲಿತ ಹಲಗೆಯಲ್ಲಿ 23 ಮನೆಗಳಿವೆ. ತುದಿಯ ಒಂದು ಬಿಂದುವಿನಿಂದ ಕೆಳಗಿನ ಅಡಿಗೆರೆಗೆ ನಾಲ್ಕು ಗೆರೆಗಳು ಇಳಿಯುತ್ತವೆ. ಅವನ್ನು ಮೂರು ಅಡ್ಡಗೆರೆಗಳು ಕತ್ತರಿಸುತ್ತವೆ. ಆ ಅಡ್ಡಗೆರೆಗಳ ತುದಿಗಳನ್ನು ಎರಡೂ ಪಕ್ಕದಲ್ಲಿ ನೇರ ಗೆರೆಗಳು ಸೇರಿಸುತ್ತವೆ. ಹುಲಿಗಳು ಮೊದಲೇ ಮೇಲ್ಭಾಗದಲ್ಲಿ ಕೂತಿರುತ್ತವೆ. ಕುರಿಗಳನ್ನು ಒಂದೊಂದಾಗಿ ಇಡಬೇಕು. ಹದಿನೈದೂ ಇಟ್ಟು ಮುಗಿಯುವವರೆಗೆ ಯಾವ ಕುರಿಯನ್ನೂ ನಡೆಸುವಂತಿಲ್ಲ. ಒಂದೂ ಸಾಯದೆ ಎಲ್ಲವೂ ಹಲಗೆಗೆ ಬಂದರೆ ಖಾಲಿ ಉಳಿಯುವುದು ಐದೇ ಮನೆ. ಐದು ಕುರಿ ಸತ್ತರೆ ಹತ್ತು ಮನೆ ಖಾಲಿ. ಪ್ರತಿ ಸಾವಿನಿಂದ ಕುರಿಗಳ ಎಣಿಕೆ ಒಂದು ಇಳಿಯುವುದಷ್ಟೇ ಅಲ್ಲ, ಹುಲಿಗೆ ಓಡಾಡಲು ಒಂದು ಮನೆ ಹೆಚ್ಚುತ್ತದೆ. ಹೊಸಬರು ಲೆಕ್ಕ ತಪ್ಪುವುದು ಇಲ್ಲೇ.

ಪಳಗಿದವರು ಕುರಿಯನ್ನು ನಡುವೆ ಇಡುವುದಿಲ್ಲ. ಅಡಿಗೆರೆಯ ಎರಡು ಮೂಲೆಗಳಲ್ಲಿ, ಅಡ್ಡಗೆರೆಗಳ ಚೌಕದ ನಾಲ್ಕು ಮೂಲೆಗಳಲ್ಲಿ ಕೂತ ಕುರಿಯನ್ನು ಯಾವ ಹುಲಿಯೂ ಹಾರಲಾರದು, ಏಕೆಂದರೆ ಗೆರೆ ಅಲ್ಲಿಗೇ ಮುಗಿಯುತ್ತದೆ. ಮೊದಲು ಅಲ್ಲಿ ನೆಲೆ, ನಂತರ ಒಂದರ ಬೆನ್ನಿಗೆ ಇನ್ನೊಂದು. ಬೆನ್ನ ಹಿಂದಿನ ಮನೆ ತುಂಬಿದ್ದರೆ ಎದುರಿಗೆ ಹುಲಿ ನಿಂತರೂ ಕುರಿ ಸುರಕ್ಷಿತ. ಕೆಲವೊಮ್ಮೆ ಒಂದು ಕುರಿಯನ್ನು ಬೇಕೆಂದೇ ಬಲಿಗೊಟ್ಟು ಹುಲಿಯನ್ನು ಮೂಲೆಗೆ ಎಳೆದು ಅಲ್ಲೇ ಮುಚ್ಚಿಬಿಡುವುದೂ ಉಂಟು. ಮನಸ್ಸು ಗಟ್ಟಿಯಿಲ್ಲದವರಿಗೆ ಇದು ಆಗದು.

ಇಕ್ಕಟ್ಟಿನ ಜಾಗ ಬಲಹೀನರಿಗೆ ಬಂಧು ಎಂಬುದಕ್ಕೆ ಚಿತ್ರದುರ್ಗಕ್ಕಿಂತ ಬೇರೆ ಸಾಕ್ಷಿ ಬೇಡ. ಹೈದರಾಲಿಯ ಮುತ್ತಿಗೆಯ ಕಾಲದಲ್ಲಿ ಕಿಂಡಿಯಿಂದ ಒಬ್ಬೊಬ್ಬರಾಗಿ ನುಸುಳಿದ ಸೈನಿಕರನ್ನು ಓಬವ್ವ ಒನಕೆಯಿಂದ ಎದುರಿಸಿದಳೆಂಬುದು ಜನಜನಿತ ಕಥೆ. ಬಯಲಿನಲ್ಲಿ ಅದೇ ಒನಕೆ ಎಷ್ಟು ಹೊತ್ತು ನಿಲ್ಲುತ್ತಿತ್ತು? ಕೋಟೆ 1779ರಲ್ಲಿ ಹೈದರನ ವಶವಾಯಿತು; ಕಿಂಡಿಗೆ ಅವಳ ಹೆಸರು ಉಳಿಯಿತು.

ಮೈಸೂರಿನ ಅರಮನೆಯಲ್ಲೂ ಹಲಗೆಯಾಟಗಳಿಗೆ ದೊಡ್ಡ ಮನ್ನಣೆಯಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಆಟಗಳನ್ನೇ ರಚಿಸಿದರು. ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಭಾಗ ಆಟಗಳಿಗೇ ಮೀಸಲು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕೈಗೆತ್ತಿಕೊಂಡ ಮೇಲೆ ಈ ಅರಸರಿಗೆ ನಡೆಸಲು ಉಳಿದದ್ದು ಹಲಗೆಯ ಮೇಲಿನ ಸೈನ್ಯಗಳೇ ಎನ್ನಬೇಕು.

ಯುರೋಪಿನಲ್ಲಿ ಹಲಗೆಯ ಯುದ್ಧ ಬೇರೆ ದಾರಿ ಹಿಡಿಯಿತು. 1824ರಲ್ಲಿ ಪ್ರಷ್ಯದ ಸೇನೆ ಅಧಿಕಾರಿಗಳ ತರಬೇತಿಗೆ ನಕ್ಷೆ, ದಾಳಗಳ ಯುದ್ಧದಾಟವನ್ನು ಒಪ್ಪಿಕೊಂಡಿತು. ಆ ಪರಂಪರೆಯಿಂದ 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ರೂಪಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಬಂತು. ಪ್ರತಿಯೊಬ್ಬರೂ ಒಂದೊಂದು ಪಾತ್ರ ವಹಿಸಿ ಗುಹೆ, ನೆಲಮಾಳಿಗೆಗಳಿಗೆ ಇಳಿಯುವ ಆಟ ಅದು. ಮೊದಲ ಹಂತದ ಮಂತ್ರವಾದಿಯ ಆಯುಸ್ಸು ಒಂದು ದಾಳ ಉರುಳಿಸಿದಷ್ಟು; ಶತ್ರುವಿನ ಒಂದು ಏಟಿನ ಪೆಟ್ಟೂ ಅಷ್ಟೇ. ಅಂದರೆ ಆತ ಒಂದೇ ಏಟಿಗೆ ಸತ್ತಾನು. ಹೀಗಾಗಿ ಹೊಸ ತಂಡಗಳು ಕಲಿತದ್ದು ಕುರಿಗಳ ವಿದ್ಯೆಯನ್ನೇ: ಬಾಗಿಲ ಸಂದಿಯಲ್ಲಿ ನಿಲ್ಲುವುದು, ಮಂತ್ರವಾದಿಯನ್ನು ಹಿಂದಿಡುವುದು, ಸಾಧ್ಯವಾದರೆ ಮಾತಾಡಿ ಪಾರಾಗುವುದು, ಆಗದಿದ್ದರೆ ಓಡುವುದು. ಕೊಂದುದಕ್ಕಿಂತ ಹೊತ್ತು ತಂದ ಚಿನ್ನಕ್ಕೇ ಅಲ್ಲಿ ಅನುಭವದ ಅಂಕ ಹೆಚ್ಚು ಬರುತ್ತಿದ್ದುದರಿಂದ, ಜಗಳವಾಡದೆ ಹೊರಬಂದವನೇ ಜಾಣ.

ಹಾಗಾದರೆ ಹುಲಿ-ಕುರಿಯಲ್ಲಿ ನಿಜವಾಗಿ ಮೇಲುಗೈ ಯಾರದು? ಇದರ ಸೋದರನಂತಿರುವ ನೇಪಾಳದ ಬಾಘ್‌ಚಾಲ್ ಆಟದಲ್ಲಿ 25 ಮನೆ, ನಾಲ್ಕು ಹುಲಿ, ಇಪ್ಪತ್ತು ಆಡು. ಅದನ್ನು 2000ದ ದಶಕದಲ್ಲಿ ಕಂಪ್ಯೂಟರಿನಿಂದ ಪೂರ್ತಿ ಲೆಕ್ಕ ಹಾಕಿದಾಗ, ಎರಡೂ ಕಡೆಯವರು ತಪ್ಪಿಲ್ಲದೆ ಆಡಿದರೆ ಯಾರೂ ಗೆಲ್ಲರು, ಆಟ ಸಮ ಎಂದು ತಿಳಿದುಬಂತು. ಕಟ್ಟೆಯ ಮೇಲೆ ತಪ್ಪಿಲ್ಲದೆ ಆಡುವವರು ಯಾರಿದ್ದಾರೆ? ಅಲ್ಲಿ ಮೊದಲ ಎರಡು ಮೂರು ಕುರಿಗಳನ್ನು ಕಳೆದುಕೊಂಡವನೇ ಸಾಮಾನ್ಯವಾಗಿ ಸೋಲುತ್ತಾನೆ.