ಸ್ಲಾವಾ: ಸರ್ಬಿಯಾದ ಮನೆತನದ ಹಬ್ಬ ಮತ್ತು ಊಟ

ಸರ್ಬಿಯಾದ ಆರ್ಥೊಡಾಕ್ಸ್ ಕ್ರೈಸ್ತ ಕುಟುಂಬಗಳು ತಮ್ಮ ಮನೆತನವನ್ನು ಕಾಯುವ ಸಂತನ ಹೆಸರಿನಲ್ಲಿ ವರ್ಷಕ್ಕೊಮ್ಮೆ ಆಚರಿಸುವ ಹಬ್ಬ ಸ್ಲಾವಾ. ಸಾಮಾನ್ಯವಾಗಿ ಇದು ತಂದೆಯಿಂದ ಮಗನಿಗೆ ಬರುತ್ತದೆ. 2014ರಲ್ಲಿ ಯುನೆಸ್ಕೊ ಇದನ್ನು ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು.

ಮೇಣದಬತ್ತಿ, ಕೆಂಪು ವೈನ್, ಕೊಲಾಚ್, ಝಿಟೊ ಇಲ್ಲದೆ ಹಬ್ಬವಿಲ್ಲ. ಕೊಲಾಚ್ ದುಂಡನೆಯ ಬ್ರೆಡ್ಡು. ಅದರ ಮೇಲೆ ಹಿಟ್ಟಿನಲ್ಲೇ ಶಿಲುಬೆ, ಹಕ್ಕಿ, ಗೋಧಿತೆನೆ, ದ್ರಾಕ್ಷಿಗೊಂಚಲು ಮೂಡಿಸಿರುತ್ತಾರೆ. ಪಾದ್ರಿ ಅದನ್ನು ಶಿಲುಬೆಯಾಕಾರದಲ್ಲಿ ಕೊಯ್ದು ವೈನ್ ಸುರಿಯುತ್ತಾರೆ. ಬಳಿಕ ಮನೆಯವರು ಸೇರಿ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ಮುರಿಯುತ್ತಾರೆ. ಝಿಟೊಗೆ ಗೋಧಿಯನ್ನು ಬೇಯಿಸಿ, ನೀರು ಬಸಿದು, ಬಟ್ಟೆಯ ಮೇಲೆ ಹರವಿ ಆರಿಸಿ, ಅರೆದು, ಅಕ್ರೋಟು ಮತ್ತು ಸಕ್ಕರೆ ಬೆರೆಸಬೇಕು. ಮನೆಗೆ ಬಂದವರು ಮೊದಲು ತಿನ್ನುವುದು ಇದನ್ನೇ, ಒಂದು ಚಮಚ. ಅದರಲ್ಲಿ ತೀರಿಕೊಂಡ ಹಿರಿಯರ ನೆನಪೂ ಇದೆ.

ಅತಿ ಹೆಚ್ಚು ಮನೆಗಳಲ್ಲಿ ನಡೆಯುವ ಸಂತ ನಿಕೋಲಸನ ಸ್ಲಾವಾ ಡಿಸೆಂಬರ್ 19ರಂದು, ಕ್ರಿಸ್‌ಮಸ್ ಪೂರ್ವದ ಉಪವಾಸದ ನಡುವೆ ಬರುತ್ತದೆ. ಅಂದು ಮಾಂಸ, ಹಾಲು, ಮೊಟ್ಟೆ ನಿಷಿದ್ಧ. ಮೀನು ಹಾಗೂ ಈರುಳ್ಳಿಯೊಂದಿಗೆ ಒಲೆಯಲ್ಲಿ ಬೇಯಿಸಿದ ಪ್ರೆಬ್ರನಾತ್ಸ್ ಎಂಬ ಬೀನ್ಸ್ ಬಡಿಸುತ್ತಾರೆ. ಕೈಗುಣ ನಿಜವಾಗಿ ತಿಳಿಯುವುದು ಈ ಉಪವಾಸದ ಅಡುಗೆಯಲ್ಲೇ. ಉಳಿದ ಕಾಲದಲ್ಲಿ ಹುಳಿಬರಿಸಿದ ಎಲೆಕೋಸಿನ ಎಲೆಯಲ್ಲಿ ಕೊಚ್ಚಿದ ಮಾಂಸ, ಅಕ್ಕಿ ಸುತ್ತಿ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸಿದ ಸರ್ಮಾ ಇರುತ್ತದೆ.

ಜನವರಿ 7ರ ಕ್ರಿಸ್‌ಮಸ್‌ಗೆ ಬೇರೆಯದೇ ಬ್ರೆಡ್ಡು, ಚೆಸ್ನಿತ್ಸಾ. ಅದರೊಳಗೆ ನಾಣ್ಯವೊಂದನ್ನು ಹುದುಗಿಸಿರುತ್ತಾರೆ. ಅದು ಸಿಕ್ಕವರಿಗೆ ಆ ವರ್ಷ ಅದೃಷ್ಟ ಎಂಬ ನಂಬಿಕೆ.