ಜಾಮ್ ಆದ ನಟ್ಟು, ಬಿಟಿಎಂನ ಪಂಕ್ಚರ್ ಅಂಗಡಿ

ಕಾರಿನ ಚಕ್ರದ ನಟ್ಟು ಜಾಮ್ ಆಗಲು ತುಕ್ಕು ಹಳೆಯ ಕಾರಣ, ಅತಿಬಿಗಿತ ಹೊಸದು. ಬೆಂಗಳೂರಿನ ಬೈರಸಂದ್ರ, ತಾವರೆಕೆರೆ, ಮಡಿವಾಳಗಳ ಮೊದಲಕ್ಷರ ಸೇರಿ ಹೆಸರಾದ ಬಿಟಿಎಂ ಲೇಔಟ್‌ನ ಪಂಕ್ಚರ್ ಅಂಗಡಿಗಳು ಎರಡನ್ನೂ ಬಲ್ಲವು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ನಟ್ಟಿಗೆ ಸೀಮೆಎಣ್ಣೆ ಬಿಟ್ಟು, ವೀಲ್ ಸ್ಪ್ಯಾನರಿನ ಹಿಡಿಗೆ ಕಬ್ಬಿಣದ ಪೈಪು ಸಿಕ್ಕಿಸಿ, ಮೇಲೆ ನಿಂತು ಒದೆಯುವುದೇ ವಿದ್ಯೆ. 1983ರ ಕೊನೆಯಲ್ಲಿ ಮಾರುತಿ 800 ಬಂದು ಕಾರುಗಳು ಹೆಚ್ಚಿದವು. ಆಮೇಲೆ ಕಂಪ್ರೆಸರ್ ಗಾಳಿಯ ಗನ್ ಬಂತು. ಕೆಲಸವೇನೋ ಚುರುಕಾಯಿತು, ಜೊತೆಗೆ ಅತಿಬಿಗಿತವೂ ಬಂತು. ನಟ್ಟು ಹಾಕುವಾಗ ಮೊದಲ ಕೆಲವು ಸುತ್ತುಗಳನ್ನು ಕೈಯಲ್ಲಿ ತಿರುಗಿಸದೆ ನೇರ ಗನ್ ಒತ್ತಿದರೆ ಥ್ರೆಡ್ ಅಡ್ಡ ಕೂರುತ್ತದೆ. ಅವಸರಕ್ಕೆ ತೆರುವ ದಂಡ ಅದು.

ಮೂಲೆ ಸವೆದ ನಟ್ಟಿಗೆ ಗನ್ ಸಾಲದು. ಒಂದು ಸೈಜು ಚಿಕ್ಕ ಸಾಕೆಟ್ಟನ್ನು, ಎಂದರೆ 19 ಮಿ.ಮೀ. ನಟ್ಟಿಗೆ 18ರದ್ದನ್ನು, ಸುತ್ತಿಗೆಯಿಂದ ಬಡಿದು ಕೂರಿಸಿ ಎಡಕ್ಕೆ ತಿರುಗಿಸುತ್ತಾರೆ. ಅದೂ ಜಾರಿದರೆ ಅಂಚಿಗೆ ಉಳಿ ಇಟ್ಟು ಹೊಡೆತ. ಅಲಾಯ್ ವೀಲ್‌ಗೆ ಗೀರು ಬೀಳುವ ಭಯ ಇಲ್ಲೇ. ಕಾರು ನೆಲದ ಮೇಲಿರುವಾಗಲೇ ನಟ್ಟು ಸಡಿಲಾಗಬೇಕು, ಜಾಕ್ ಆಮೇಲೆ. ಹೀಗೆ ಬಡಿದು ತೆಗೆದ ನಟ್ಟನ್ನು ಮತ್ತೆ ಹಾಕುವಂತಿಲ್ಲ. ಸ್ಟಡ್ಡಿನ ಥ್ರೆಡ್ ಹೋಗಿದ್ದರೆ ಅದನ್ನೂ ಬದಲಿಸಬೇಕು. ಎರಡೂ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತವೆ.