ಪರೀಕ್ಷೆಯ ಕೈಗೆ ಸಿಗುವ ಹಿಡಿ: ಯೂಸರ್ ಇಂಟರ್‌ಫೇಸ್ ಯೂನಿಟ್ ಟೆಸ್ಟುಗಳ ಚರಿತ್ರೆ

1983ರಲ್ಲಿ, ಇನ್ನೂ ಮಾರುಕಟ್ಟೆಗೆ ಬಾರದ ಮ್ಯಾಕಿಂಟಾಷ್ ಮೇಲೆ ಆಪಲ್‌ನ ಸ್ಟೀವ್ ಕ್ಯಾಪ್ಸ್ ಒಂದು ಕೋತಿಯನ್ನು ಬಿಟ್ಟರು. ‘ದಿ ಮಂಕಿ’ ಎಂಬ ಆ ಪುಟ್ಟ ಪ್ರೋಗ್ರಾಂ ಮನಬಂದಂತೆ ಕ್ಲಿಕ್ ಮಾಡುತ್ತಿತ್ತು, ಕೀಲಿ ಒತ್ತುತ್ತಿತ್ತು, ಮೆನು ಎಳೆಯುತ್ತಿತ್ತು. 128 ಕೆಬಿ ಮೆಮೊರಿಯಲ್ಲಿ ಮ್ಯಾಕ್‌ಪೇಂಟ್, ಮ್ಯಾಕ್‌ರೈಟ್ ಉಸಿರು ಬಿಗಿಹಿಡಿದು ಓಡುತ್ತಿದ್ದ ಕಾಲ ಅದು. ಎಷ್ಟು ಹೊತ್ತು ತಡೆದುಕೊಳ್ಳುತ್ತವೆ ಎಂದು ನೋಡಬೇಕಿತ್ತು. ಆದರೆ ಕೋತಿ ಸ್ವಲ್ಪ ಹೊತ್ತಿಗೇ ‘ಕ್ವಿಟ್’ ಒತ್ತಿ ಆಟ ಮುಗಿಸಿಬಿಡುತ್ತಿತ್ತು. ಕೊನೆಗೆ ‘ಮಂಕಿಲೈವ್ಸ್’ ಎಂಬ ಗುರುತೊಂದನ್ನು ಸಿಸ್ಟಮ್‌ನಲ್ಲಿಟ್ಟು, ಕೋತಿ ಇರುವಾಗ ಕ್ವಿಟ್ ಕೆಲಸ ಮಾಡದಂತೆ ಆಯಾ ಪ್ರೋಗ್ರಾಂಗಳಿಗೇ ಕಲಿಸಬೇಕಾಯಿತು. ಪರೀಕ್ಷೆಗೊಳಗಾಗುವ ಪ್ರೋಗ್ರಾಂ ತನ್ನ ಪರೀಕ್ಷಕನಿಗಾಗಿ ಒಂದು ಹಿಡಿಯನ್ನು ಹೊರಚಾಚಿದ್ದು ಇಲ್ಲಿ ಕಾಣುತ್ತದೆ. ಪರದೆಯನ್ನು ಪರೀಕ್ಷಿಸುವವರು ಅದನ್ನು ಯಾವ ಹಿಡಿಯಿಂದ ಹಿಡಿದರು, ಆ ಹಿಡಿ ಏಕೆ ಮತ್ತೆ ಮತ್ತೆ ಕಿತ್ತುಬಂತು ಎಂಬುದರ ಜಾಡಿನಲ್ಲೇ ಈ ಕ್ಷೇತ್ರದ ಚರಿತ್ರೆಯನ್ನು ಓದಬೇಕೆಂಬುದು ಈ ಲೇಖನದ ವಾದ.

ಯೂನಿಟ್ ಟೆಸ್ಟಿನ ಮೂಲಪಠ್ಯವೆನ್ನಬಹುದಾದ, ಸ್ಮಾಲ್‌ಟಾಕ್ ಟೆಸ್ಟಿಂಗ್ ಕುರಿತ ಕೆಂಟ್ ಬೆಕ್ ಅವರ 1994ರ ಪ್ರಬಂಧ ಪರದೆಗೆ ಬಾಗಿಲು ಮುಚ್ಚಿಯೇ ಆರಂಭವಾಗುತ್ತದೆ. ಬೆಳಗ್ಗೆ ಬಂದರೆ ಇಪ್ಪತ್ತು ಮೂವತ್ತು ಟೆಸ್ಟು ಫೇಲಾಗಿರುವ ವರದಿ. ಬಿಡಿಸಿ ನೋಡಿದರೆ ಪ್ರೋಗ್ರಾಂ ಸರಿಯಾಗಿಯೇ ಇದೆ, ಯಾರೋ ಪರದೆಯ ಅಂದವನ್ನು ಚೂರು ಬದಲಿಸಿದ್ದಾರೆ, ಅಷ್ಟೆ. ಹೀಗಾದಾಗ ಹೊಸ ಟೆಸ್ಟು ಬರೆಯುವುದಕ್ಕಿಂತ ಹಳೆಯವನ್ನು ಸರಿಪಡಿಸುವುದರಲ್ಲೇ, ಸುಳ್ಳು ಸೋಲುಗಳ ಬೆನ್ನು ಹತ್ತುವುದರಲ್ಲೇ ಹೆಚ್ಚು ಹೊತ್ತು ಹೋಗುತ್ತದೆ ಎಂಬುದು ಬೆಕ್ ಕಂಡ ಸತ್ಯ. 1997ರಲ್ಲಿ ಜ್ಯೂರಿಕ್‌ನಿಂದ ಅಟ್ಲಾಂಟಾಕ್ಕೆ ಹಾರುವ ವಿಮಾನದಲ್ಲಿ ಅವರೂ ಎರಿಕ್ ಗಾಮಾ ಅವರೂ ಜಾವಾದ ಯೂನಿಟ್ ಟೆಸ್ಟ್ ಚೌಕಟ್ಟಾದ ಜೆಯೂನಿಟ್‌ಗೆ ರೂಪ ಕೊಟ್ಟರು. ಬೆಕ್‌ರ ಆ ಅಸಮಾಧಾನ ಮಾತ್ರ ಮುಂದಿನ ಒಂದು ದಶಕ ಹಾಗೆಯೇ ಉಳಿಯಿತು.

ಪರದೆಯನ್ನು ಹಿಡಿಯಲಾಗದಿದ್ದರೆ ಪರದೆಯಲ್ಲಿ ಏನೂ ಉಳಿಯದಂತೆ ಮಾಡಿದರಾಯಿತು! ಮೈಕೆಲ್ ಫೆದರ್ಸ್ 2002ರಲ್ಲಿ ಬರೆದ ‘ಹಂಬಲ್ ಡೈಲಾಗ್ ಬಾಕ್ಸ್’ನ ಸಾರ ಇದು. ವಿಂಡೋ ಬರೀ ಸಿಪ್ಪೆ, ತಿರುಳೆಲ್ಲ ಬೇರೊಂದು ಆಬ್ಜೆಕ್ಟಿನಲ್ಲಿ. ಟೆಸ್ಟು ತಿರುಳಿಗೆ ಮಾತ್ರ. ಮಾದರಿ ಮತ್ತು ನೋಟವನ್ನು ಬೇರೆ ಮಾಡುವ ಬುದ್ಧಿ 1979ರ ಹೊತ್ತಿಗೇ ಜೆರಾಕ್ಸ್ ಪಾರ್ಕ್‌ನಲ್ಲಿ ಟ್ರಿಗ್ವೆ ರೇನ್‌ಸ್ಕೌಗ್ ಅವರ ಎಂವಿಸಿಯಲ್ಲಿ ಇತ್ತು. ಮಾರ್ಟಿನ್ ಫೌಲರ್ ಅವರ ‘ಪ್ರೆಸೆಂಟೇಶನ್ ಮಾಡೆಲ್’ (2004), ಮೈಕ್ರೋಸಾಫ್ಟ್‌ನ ಜಾನ್ ಗಾಸ್‌ಮನ್ ವಿವರಿಸಿದ ಎಂವಿವಿಎಂ (2005) ಇದೇ ಬಳಗದವು. ಉಪಾಯ ಜಾಣತನದ್ದೇ. ಆದರೆ ಬಟನ್ನಿಗೂ ತಿರುಳಿಗೂ ನಡುವಿನ ತಂತಿ ಕಳಚಿದ್ದರೂ ಟೆಸ್ಟು ಪಾಸಾಗಿ ಹಸಿರಾಗಿಯೇ ಇರುತ್ತಿತ್ತು.

ವೆಬ್ಬಿಗೆ ಬಂದ ಸಲಕರಣೆಗಳನ್ನು ಬೇಗ ದಾಟೋಣ. 2001ರಲ್ಲಿ ಎಡ್ವರ್ಡ್ ಹಯಾಟ್ ಅವರ ಜೆಎಸ್‌ಯೂನಿಟ್, 2004ರಲ್ಲಿ ಥಾಟ್‌ವರ್ಕ್ಸ್‌ನ ಜೇಸನ್ ಹಗ್ಗಿನ್ಸ್ ಅವರ ಸೆಲೆನಿಯಂ ಬಂದವು. ಬ್ರೌಸರನ್ನೇ ಓಡಿಸುವ ಸೆಲೆನಿಯಂ ಯೂನಿಟ್ ಟೆಸ್ಟಿನ ಸಾಧನವಲ್ಲ, ನಿಜ. ಆದರೂ 2014ರಲ್ಲಿ ಅದರ ಸಮ್ಮೇಳನ ಬೆಂಗಳೂರಿನಲ್ಲೇ ನಡೆಯಿತೆಂದರೆ ನಮ್ಮೂರಲ್ಲಿ ಎಷ್ಟು ಜನರ ಅನ್ನ ಅದಕ್ಕೆ ಅಂಟಿತ್ತೆಂದು ಊಹಿಸಬಹುದು. ನಮ್ಮ ವಿಷಯಕ್ಕೆ ನಿಜವಾದ ತಿರುವು ಜೆಎಸ್‌ಡಾಮ್. ಎಲೈಜಾ ಇನ್ಸುವಾ ಆರಂಭಿಸಿದ ಇದು ಬ್ರೌಸರ್ ಇಲ್ಲದೆಯೇ, ನೋಡ್ ಜೆಎಸ್‌ನ ಒಳಗೆ, ಪುಟದ ಡಾಮ್ ರಚನೆಯನ್ನು ಕಟ್ಟಿಕೊಡುತ್ತದೆ. ಪರದೆಯಿಲ್ಲದ ಪರದೆ!

2013ರಲ್ಲಿ ಫೇಸ್‌ಬುಕ್ ರಿಯಾಕ್ಟ್ ಅನ್ನು ಬಿಡುಗಡೆ ಮಾಡಿದ ಮೇಲೆ ಪರದೆ ತುಂಡುತುಂಡು ಕಾಂಪೊನೆಂಟ್ ಆಯಿತು. ಒಂದೊಂದು ತುಂಡೂ ಒಂದು ಯೂನಿಟ್. ಟೆಸ್ಟಿಗೆ ಕೊನೆಗೂ ಹಿಡಿ ಸಿಕ್ಕಿತೆಂದು ಎಲ್ಲರಿಗೂ ಅನಿಸಿತು. ಏರ್‌ಬಿಎನ್‌ಬಿಯ ಎನ್ಜೈಮ್ (2015) ಕಾಂಪೊನೆಂಟಿನ ಹೊಟ್ಟೆಗೇ ಕೈಹಾಕಲು ಬಿಟ್ಟಿತು. ಒಂದು ಎಣಿಕೆಯ ಬಟನ್ ತೆಗೆದುಕೊಳ್ಳಿ. ಒತ್ತಿದರೆ ಸೊನ್ನೆ ಒಂದಾಗಬೇಕು. ಎನ್ಜೈಮ್ ಕಾಲದ ಟೆಸ್ಟು ಪರದೆಯ ಮೇಲಿನ ಅಂಕಿಯನ್ನು ಓದದೆ, ಕಾಂಪೊನೆಂಟಿನ ಸ್ಟೇಟಿನಲ್ಲಿರುವ ‘ಕೌಂಟ್’ ಒಂದಾಗಿದೆಯೇ ಎಂದು ಕೇಳುತ್ತಿತ್ತು. ‘ಕೌಂಟ್’ಗೆ ‘ಟೋಟಲ್’ ಎಂದು ಹೆಸರಿಟ್ಟರೆ ಬಳಸುವವರಿಗೆ ಏನೂ ಗೊತ್ತಾಗದು, ಟೆಸ್ಟು ಮಾತ್ರ ಕೆಂಪು. ಅಂಕಿಯನ್ನು ಪರದೆಯಲ್ಲಿ ತೋರಿಸುವ ಸಾಲನ್ನೇ ಅಳಿಸಿದರೆ ಬಳಸುವವರು ಕಂಗಾಲು, ಟೆಸ್ಟು ಮಾತ್ರ ಹಸಿರು. ಬೆಕ್ ಹೆದರಿದ್ದು ಹೊರಗಿನ ಅಂದಕ್ಕೆ ಅಂಟಿದ ಟೆಸ್ಟುಗಳಿಗೆ. ಈಗ ಒಳಗಿನ ಹೆಸರುಗಳಿಗೆ ಅಂಟಿದವು ಹುಟ್ಟಿದ್ದವು. 2019ರಲ್ಲಿ ರಿಯಾಕ್ಟ್ 16.8 ಹುಕ್ಸ್ ತಂದಾಗ ಸ್ಟೇಟು ಫಂಕ್ಷನ್ನಿನೊಳಗೆ ಅಡಗಿತು, ಹಿಡಿ ಕಿತ್ತುಬಂತು. ರಿಯಾಕ್ಟ್ 17ಕ್ಕೆ ಎನ್ಜೈಮ್‌ನ ಅಧಿಕೃತ ಅಡಾಪ್ಟರ್ ಬರಲೇ ಇಲ್ಲ.

2016ರಲ್ಲಿ ಜೆಸ್ಟ್ ಎಂಬ ಟೆಸ್ಟು ಸಲಕರಣೆ ತಂದ ಸ್ನ್ಯಾಪ್‌ಶಾಟ್ ಟೆಸ್ಟು ಇದಕ್ಕೆ ವಿರುದ್ಧ ತುದಿ. ಕಾಂಪೊನೆಂಟ್ ಹೊರಹಾಕಿದ ರಚನೆಯನ್ನು ಫೈಲಿನಲ್ಲಿ ಬರೆದಿಡು, ಮುಂದಿನ ಸಲ ಹೋಲಿಸು. ಬರೆಯಲು ಒಂದೇ ಸಾಲು, ಹಾಗಾಗಿ ರಾಶಿಗಟ್ಟಲೆ ಬರೆದರು. ವ್ಯತ್ಯಾಸ ಬಂದಾಗ ಓದುವವರಿಲ್ಲದೆ, ಕಣ್ಣುಮುಚ್ಚಿ ರುಜು ಹಾಕುವ ಗುಮಾಸ್ತರಂತೆ ‘ಅಪ್‌ಡೇಟ್’ ಕೊಡುವುದು ರೂಢಿಯಾಯಿತು. ಬೆಕ್ ವರ್ಣಿಸಿದ ಬೆಳಗಿನ ವರದಿಗೂ ಇದಕ್ಕೂ ನನಗೆ ಹೆಚ್ಚಿನ ಅಂತರ ಕಾಣುವುದಿಲ್ಲ.

2018ರಲ್ಲಿ ಕೆಂಟ್ ಸಿ. ಡಾಡ್ಸ್ ಹೊರತಂದ ರಿಯಾಕ್ಟ್ ಟೆಸ್ಟಿಂಗ್ ಲೈಬ್ರರಿ ಹಿಡಿಯನ್ನು ಬಳಸುವವರ ಕಡೆಗೆ ತಿರುಗಿಸಿತು. ಸ್ಟೇಟನ್ನು ಕೇಳಲು ಅದು ಬಿಡುವುದಿಲ್ಲ. ‘ಗೆಟ್‌ಬೈರೋಲ್’ ಎಂದು, ಸ್ಕ್ರೀನ್ ರೀಡರ್‌ಗೆ ಒಂದು ವಸ್ತು ಯಾವ ಪಾತ್ರದಲ್ಲಿ, ಯಾವ ಹೆಸರಿನಲ್ಲಿ ಕಾಣುತ್ತದೋ ಅದನ್ನೇ ಹುಡುಕುತ್ತದೆ. ಬಟನ್ನಿನ ವೇಷ ಹಾಕಿದ ಬರೀ ‘ಡಿವ್’ ಅದರ ಕೈಗೆ ಸಿಗದು. ಕಣ್ಣು ಕಾಣದವರಿಗೂ ಅದು ಸಿಗದು. ಅಂಧರು ಮತ್ತಿತರ ಅಂಗವಿಕಲರಿಗೆಂದು ಕಟ್ಟಿದ, ವಸ್ತುವಿನ ಪಾತ್ರ ಮತ್ತು ಹೆಸರನ್ನು ಸಾರುವ ಅರಿಯಾ ಗುರುತುಗಳು ಟೆಸ್ಟಿಗೆ ಈವರೆಗಿನ ಅತಿ ಗಟ್ಟಿ ಹಿಡಿಯಾದವು.

ಆದರೆ ಕನ್ನಡದಲ್ಲಿ ಈ ಹಿಡಿಯೂ ಜಾರುತ್ತದೆ. ‘ಸೇರಿಸು’ ಎಂಬ ಪದದ ಏತ್ವವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು. ಎತ್ವಕ್ಕೆ ದೀರ್ಘ ಚಿಹ್ನೆ ಸೇರಿಸಿ ಎರಡಾಗಿಯೂ ಬರೆಯಬಹುದು. ಪರದೆಯಲ್ಲಿ ಎರಡೂ ಒಂದೇ. ಅನುವಾದದ ಫೈಲಿನಲ್ಲಿ ಒಂದು ರೂಪ, ಟೆಸ್ಟಿನಲ್ಲಿ ಇನ್ನೊಂದು ಇದ್ದರೆ ‘ಗೆಟ್‌ಬೈಟೆಕ್ಸ್ಟ್’ ಆ ಪದವೇ ಇಲ್ಲ ಎನ್ನುತ್ತದೆ. ತಾನಾಗಿ ಅದು ಖಾಲಿ ಜಾಗವನ್ನು ಮಾತ್ರ ಸರಿಪಡಿಸಿಕೊಳ್ಳುತ್ತದೆ. ಎರಡನ್ನೂ ಎನ್‌ಎಫ್‌ಸಿ ಎಂಬ ಒಂದೇ ಪ್ರಮಾಣಿತ ರೂಪಕ್ಕೆ ತರುವ ಕೆಲಸ ನಮ್ಮದು. ಇನ್ನು ಒತ್ತಕ್ಷರ ಕೆಳಗಿನ ಗೆರೆಗೆ ತಾಗಿ ಅರ್ಧ ಕತ್ತರಿಸಿಹೋಗಿದೆಯೇ ಎಂದು ಜೆಎಸ್‌ಡಾಮ್ ಅನ್ನು ಕೇಳಿ ಪ್ರಯೋಜನವಿಲ್ಲ. ಅದು ಪುಟವನ್ನು ಬಿಡಿಸುವುದೇ ಇಲ್ಲವಾದ್ದರಿಂದ ಯಾವ ಅಕ್ಷರದ ಎತ್ತರ ಕೇಳಿದರೂ ಉತ್ತರ ಸೊನ್ನೆ. ಅದಕ್ಕೆ ನಿಜವಾದ ಬ್ರೌಸರ್ ತೆರೆದು ಚಿತ್ರಕ್ಕೆ ಚಿತ್ರ ಹೋಲಿಸಬೇಕು. ಆಗ ಫಾಂಟಿನ ಹೊಸ ಆವೃತ್ತಿ ಬಂದ ದಿನ ಬೆಳಗ್ಗೆ ಮತ್ತೆ ಇಪ್ಪತ್ತು ಮೂವತ್ತು ಟೆಸ್ಟು ಫೇಲಾಗಿರುತ್ತವೆ.